ಪರಸಿ ಕಲ್ಲಿನ ಮೇಲೆ ಗಾಡಿ

"ನಿನ್ನ ಗಾಡ್ಯಾಗ ನಾ ಇನ್ನ ಕುಂದ್ರಂಗಿಲ್ಲ," ಎಂದು ಅಕ್ಕೋರು ಸೋಮವಾರ ಬೆಳಿಗ್ಗೆ ಹೇಳಿದರು. ನಾನು ಅವರ ಮನೆಯ ಮುಂದೆ ಇಂಜಿನ್ ಚಾಲೂ ಇಟ್ಟು, ನಡುವಿನ ಸೀಟಿನ ಬಾಗಿಲು ತೆಗೆದು ನಿಂತಿದ್ದೆ. ಮುನಿಸಿಕೊಂಡಿದ್ದಾರೆ, ಎರಡು ಮಾತು ಬೈದು ಹತ್ತುತ್ತಾರೆ ಅಂದುಕೊಂಡೆ. ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಅಕ್ಕೋರು ಅಂದರೆ ನನಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು. ರಿಟೈರ್ ಆಗಿ ಚಿಂಚೋಳಿಯಲ್ಲಿ ತಂಗಿಯ ಜೊತೆ ಇದ್ದಾರೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ ಮತ್ತು ಗುರುವಾರ ಕಲಬುರಗಿಯ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಡಯಾಲಿಸಿಸ್. ಹತ್ತಿರದ ಆಸ್ಪತ್ರೆಯಲ್ಲೂ ಡಯಾಲಿಸಿಸ್ಸಿಗೆ ಹೆಸರು ಬರೆಸಿ ಪಾಳಿ ಕಾಯುತ್ತಿದ್ದೆವು. ಪಾಳಿ ಬರುವ ತನಕ ಅವರನ್ನು ಕಲಬುರಗಿಗೆ ಕರೆದೊಯ್ಯುವುದು, ತಿರುಗಿ ತಂದು ಮನೆ ಮುಟ್ಟಿಸುವುದು ನನ್ನ ಕೆಲಸ. ಬಾಡಿಗೆ ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವನು ನಾನು, ಆದರೆ ಆ ಎರಡು ದಿನ ಬೇರೆ ಯಾರು ಕರೆದರೂ ಹೋಗುತ್ತಿರಲಿಲ್ಲ.

ಅವರ ಸಿಟ್ಟಿಗೆ ಕಾರಣ ಇತ್ತು. ನನ್ನದು ಏಳು ಸೀಟಿನ ಎತ್ತರದ ಹಳೆ ಗಾಡಿ, ಹಿಂದೆ ಕಮಾನು ಪಟ್ಟಿಯ ಸ್ಪ್ರಿಂಗು. ತಿರುವು ಬಂದರೆ ಒಂದು ಮಗ್ಗುಲಿಗೆ ವಾಲುತ್ತದೆ, ಸೀದಾ ಆಗುವಾಗ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಸಿಮೆಂಟ್ ಲಾರಿಗಳು ಉತ್ತು ಹಾಕಿದ ಕಡೆಯಂತೂ ತಿರುವಿಲ್ಲದೆಯೂ ಓಲಾಡುತ್ತದೆ. ಗಟ್ಟಿಮುಟ್ಟಾದವರಿಗೆ ಇದು ಗೊತ್ತೇ ಆಗುವುದಿಲ್ಲ. ನಾಲ್ಕು ತಾಸು ಮಷಿನ್ನಿಗೆ ಮೈ ಕೊಟ್ಟು ಎದ್ದವರಿಗೆ ಕುತ್ತಿಗೆ ನಿಲ್ಲಿಸುವಷ್ಟು ತ್ರಾಣವೂ ಇರುವುದಿಲ್ಲ. ಹಿಂದಿನ ಗುರುವಾರ ತಿರುಗಿ ಬರುವಾಗ ಅಕ್ಕೋರು ನಾಲ್ಕು ಸಲ ವಾಂತಿ ಮಾಡಿಕೊಂಡರು. ಐದನೆಯ ಸಲ ಬರೀ ಹೊಟ್ಟೆ ಕಿವುಚಿತು, ಏನೂ ಬರಲಿಲ್ಲ. ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಊರು ಮುಟ್ಟಿದರು.

ಬೇರೆ ದಾರಿ ಹುಡುಕಲಿಲ್ಲ ಅಂತಲ್ಲ. ಗೆಳೆಯನ ಸಣ್ಣ ಕಾರು ಕೇಳಿದ್ದೆ. ಅದರಲ್ಲಿ ಕಾಲು ಚಾಚಲು ಆಗುವುದಿಲ್ಲ, ಮಡಚಿ ಕೂತರೆ ಅವರ ಕಾಲು ಸೆಟೆದುಕೊಳ್ಳುತ್ತವೆ. ಕೊನೆಗೆ ಮುಚ್ಚಿದ ಬಾಗಿಲಿನ ಮುಂದೆಯೇ ನಿಂತು ಆಂಬುಲೆನ್ಸ್ ಕರೆಸಲೇ ಅಂತ ಕೇಳಿದೆ.

"ಅದರಾಗ ಹೋದ್ರ ಓಣಿ ಮಂದಿ ನನ್ನ ಇವತ್ತೇ ಮುಗಿಸಿ ಬಿಡ್ತಾರ," ಅಂದರು ಒಳಗಿನಿಂದ. "ಹೋಗಪಾ ನೀ. ನನಗ ಸಾಕಾಗ್ಯಾದ."

ಸೋಮವಾರ ತಪ್ಪಿತು. ಮಂಗಳವಾರ ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿ, ಗುರುವಾರವೂ ತಪ್ಪಿದರೆ ನೀರು ಎದೆಗೇರುತ್ತದೆ, ಆಮೇಲೆ ಯಾರ ಕೈಯಲ್ಲೂ ಇರುವುದಿಲ್ಲ ಎಂದರು. ಓಡಿಹೋಗಿ ನೋಡಿದರೆ ಅಕ್ಕೋರ ಪಾದ ಬಾತು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಅವರ ತಂಗಿ ಸೆರಗಿನಿಂದ ಕಣ್ಣೊರೆಸುತ್ತ ಮೂಲೆಯಲ್ಲಿ ಕೂತಿದ್ದರು.

"ಓಲಾಡೂದು ನಿಂತ್ರ ಬರ್ತೀನಿ," ಅಂದರು ಅಕ್ಕೋರು. "ಇಲ್ಲಂದ್ರ ಇಲ್ಲ. ಹೋಗೂದು ಅದ ಅಂದ್ರ ನನ್ನ ಹಾಸಿಗಿ ಮ್ಯಾಲೇ ಹೋಗ್ತೀನಿ, ನಿನ್ನ ಸೀಟಿನ ಮ್ಯಾಲಲ್ಲ."

"ನಾಳಿಗೆ ಸೀದಾ ಮಾಡ್ತೀನ್ರಿ ಅಕ್ಕೋರೆ," ಅಂದುಬಿಟ್ಟೆ.

ಹಾಗೆ ಅನ್ನಲು ನನ್ನ ಹತ್ತಿರ ಒಂದು ಆಧಾರ ಇತ್ತು. ಆ ವಾಂತಿಯ ಗುರುವಾರ ಮನೆಗೆ ಬಂದವನೇ ಹೈದರಾಬಾದಿಗೆ ಫೋನ್ ಮಾಡಿ, ನನ್ನ ಗಾಡಿಯ ಹಿಂಬದಿಗೆ ಕೂರುವ ಸ್ಟೆಬಿಲೈಸರ್ ರಾಡು ಬೇಕು ಅಂದಿದ್ದೆ. ಆ ಮಂಗಳವಾರ ಬೆಳಿಗ್ಗೆಯೇ ಅದು ಬಸ್ಸಿನ ಮೇಲೆ ಸೇಡಂ ಸ್ಟ್ಯಾಂಡಿಗೆ ಬಂದಿತ್ತು, ಹೋಗಿ ತಂದಿದ್ದೆ. ಹೆಬ್ಬೆರಳಿನ ದಪ್ಪದ ಉಕ್ಕಿನ ಸಲಾಕೆ, ಎರಡೂ ತುದಿ ಒಂದೇ ಕಡೆ ಬಗ್ಗಿರುತ್ತವೆ. ನಡುವಿನ ಭಾಗವನ್ನು ಹಿಂದಿನ ಎರಡು ಗಾಲಿ ಕೂಡಿಸುವ ಅಚ್ಚಿಗೆ ರಬ್ಬರ್ ಬುಷ್ ಹಾಕಿ ಕಟ್ಟಬೇಕು. ಎರಡು ತುದಿಗಳಿಂದ ಎರಡು ಲಿಂಕ್, ಅಂದರೆ ಗೇಣುದ್ದದ ಕಡ್ಡಿಗಳು, ಮೇಲೆ ಗಾಡಿಯ ಚೌಕಟ್ಟಾದ ಚಾಸಿಗೆ ಹೋಗುತ್ತವೆ. ಗಾಡಿ ಒಂದು ಕಡೆ ವಾಲಲು ಹೋದರೆ ಸಲಾಕೆ ತಿರುಚಿಕೊಂಡು ಇನ್ನೊಂದು ಕಡೆಯನ್ನೂ ಹಿಡಿದು ಎಳೆಯುತ್ತದೆ. ಅಷ್ಟೇ ಅದರ ಕರಾಮತ್ತು.

ನಮ್ಮ ಗಾಡಿ ಮಿಸ್ತ್ರಿ ಮದುವೆಗೆ ನಾಲವಾರ ಊರಿಗೆ ಹೋಗಿದ್ದ. ಶುಕ್ರವಾರ ಬರ್ತೀನಿ ಅಂದ. ಶುಕ್ರವಾರದ ತನಕ ಅಕ್ಕೋರು ಇರುತ್ತಾರೋ ಇಲ್ಲವೋ. ಬುಧವಾರ ಬೆಳಿಗ್ಗೆ ನಾನೇ ಅಂಗಿ ಕಳಚಿದೆ. ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ಆ ದಿನ ರಜೆ ಹಾಕಿ ನನ್ನ ಜೊತೆ ನಿಂತಳು.

ಹಿಂಬದಿಯನ್ನು ಎತ್ತಿ ಗಟ್ಟಿ ಆಸರೆ ಕೊಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಜಾಕಿ. ಗ್ಯಾರೇಜಿನವರಿಗೆ ಕಬ್ಬಿಣದ ಸ್ಟ್ಯಾಂಡ್ ಇರುತ್ತವೆ, ನಮ್ಮ ಕಡೆ ಮನೆಯಲ್ಲಿ ಕೆಲಸ ಮಾಡುವವರಿಗೆ ಪರಸಿ. ಶಹಾಬಾದಿನ ಹಾಸುಗಲ್ಲನ್ನು ನಾವು ಪರಸಿ ಅನ್ನುತ್ತೇವೆ. ನೆಲಕ್ಕೂ ಅದೇ, ಮಾಡಿಗೂ ಅದೇ, ಹೊಲದ ಬೇಲಿಗೂ ಅದೇ, ಬಟ್ಟೆ ಒಗೆಯಲೂ ಅದೇ. ಅಂಗಳದಲ್ಲಿ ಹತ್ತಿಪ್ಪತ್ತು ಬಿದ್ದಿರುತ್ತವೆ. ಗಾಡಿ ತೆಗೆದುಕೊಳ್ಳುವ ಮೊದಲು ನಾನು ಶಹಾಬಾದಿನಲ್ಲಿ ಪರಸಿ ಪಾಲಿಶ್ ಮಾಡುವ ಕೆಲಸದಲ್ಲಿದ್ದವನು. ಕಲ್ಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನುವ ಸೊಕ್ಕು ಇತ್ತು.

ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದೆ. ಠಣ್ ಅಂದದ್ದನ್ನು ಇಟ್ಟುಕೊಂಡೆ, ದಬ್ ಅಂದದ್ದನ್ನು ಎಸೆದೆ. ಚಾಸಿಯ ಎರಡೂ ಕಡೆ ಎಂಟೆಂಟು ಕಲ್ಲು ಪೇರಿಸಿದೆ. ಕ್ಲೀನರ್ ಸೈಡಿನಲ್ಲಿ, ಅಂದರೆ ಎಡಕ್ಕೆ, ಅಂಗಳ ಸ್ವಲ್ಪ ಇಳಿಜಾರು. ಅಲ್ಲಿ ಮಟ್ಟ ಬರಲೆಂದು ಮೇಲಿನ ಕಲ್ಲಿನ ಕೆಳಗೆ ಎರಡೂ ಅಂಚಿಗೆ ಸಣ್ಣ ಕಲ್ಲಿನ ಚಕ್ಕೆ ಕೊಟ್ಟೆ. ಜಾಕಿಯಿಂದ ಎತ್ತಿದ್ದ ಗಾಡಿಯನ್ನು ಕಲ್ಲಿನ ಮೇಲಿಳಿಸಿ ಅಲುಗಾಡಿಸಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ.

"ಇದು ತಡೀತದೇನ್ರಿ?" ಅಂದಳು ಹೆಂಡತಿ.

"ನಿಮ್ಮಪ್ಪನ ಮನಿ ಮಾಡು ನಿಂತದ್ದು ಯಾತರ ಮ್ಯಾಲ? ಸುಮ್ಮ್ ಕುಂದ್ರು."

ಮಧ್ಯಾಹ್ನದ ತನಕ ಕೆಲಸ ಚೆನ್ನಾಗಿಯೇ ಸಾಗಿತು. ಅಚ್ಚಿನ ಮೇಲಿನ ಕೆಸರು ಕೆರೆದು, ಬುಷ್ಷಿಗೆ ಗ್ರೀಸ್ ಹಚ್ಚಿ, ರಾಡನ್ನು ಎದೆಯ ಮೇಲಿಟ್ಟುಕೊಂಡು ಮಲಗಿ ಮೇಲೆತ್ತಿದೆ. ಯು ಬೋಲ್ಟ್ ಏರಿಸಿದೆ. ಬ್ರೇಕ್ ಪೈಪಿಗೆ ತಾಗದಂತೆ ಎರಡು ಬೆರಳು ಜಾಗ ಬಿಟ್ಟೆ. ಚಾಸಿಗೆ ಡ್ರಿಲ್ ಹಾಕುವಾಗ ಕರೆಂಟು ಹೋಯಿತು, ಒಂದು ತಾಸು ಅದನ್ನು ಕಾಯುತ್ತ ಬೆವರಿದೆ. ಕರೆಂಟು ಬಂದ ಮೇಲೆ ಡ್ರೈವರ್ ಸೈಡಿನ ಲಿಂಕ್ ಬಿಗಿದೆ. ಲಿಂಕಿನ ಉದ್ದವನ್ನು ನಟ್ಟು ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದಿತ್ತು. ರಾಡಿನ ತುದಿಯಿಂದ ಚಾಸಿಗೆ ಎಷ್ಟು ಅಂತರ ಇತ್ತೋ ಅಷ್ಟಕ್ಕೇ ಉದ್ದ ಮಾಡಿ ಕೂರಿಸಿದೆ. ಕ್ಲೀನರ್ ಸೈಡಿನ ಲಿಂಕನ್ನು ಮೇಲೆ ಚಾಸಿಗೆ ಸಿಕ್ಕಿಸಿ ನೇತುಬಿಟ್ಟು, ನಟ್ಟು ಬಿಗಿಯುವ ಹದಿನೇಳರ ಪಾನಾ ತೆಗೆದುಕೊಳ್ಳಲು ಹೊರಗೆ ಬಂದೆ.

ಪಾನಾ ಕೈಯಲ್ಲಿ ಹಿಡಿದು ತಿರುಗುವಷ್ಟರಲ್ಲಿ ಟಪ್ ಅಂತ ಒಂದು ಸದ್ದು. ದೊಡ್ಡದೇನಲ್ಲ, ಒಣ ಕೊಬ್ಬರಿ ಒಡೆದ ಹಾಗೆ. ಹಿಂದೆಯೇ ಇಡೀ ಗಾಡಿ ಕ್ಲೀನರ್ ಸೈಡಿಗೆ ಕುಸಿದು ಕೂತಿತು. ನಾನು ಮಲಗಿದ್ದ ಗೋಣಿ ತಟ್ಟಿನ ಮೇಲೆ ಅರ್ಧ ಕಲ್ಲು ಬಿದ್ದಿತ್ತು.

ಹೆಂಡತಿ ಓಡಿ ಬಂದಳು. ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದು ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. "ಅಕ್ಕೋರು ನಾಳಿಗಿ ಹೋಗ್ತಿದ್ರೋ ಇಲ್ಲೋ, ನೀವು ಇವತ್ತೇ ಹೋಗ್ತಿದ್ರಿ," ಅಂದಳು.

ಮುರಿದ ಕಲ್ಲನ್ನು ನೋಡಿದಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಕಲ್ಲಿನ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಮಾತು: ಪರಸಿಯನ್ನು ಮಲಗಿಸಿ ಹೊರಬೇಡ, ಅಂಚಿನ ಮೇಲೆ ನಿಲ್ಲಿಸಿ ಹೊರು, ಮಲಗಿಸಿದ್ದೇ ಆದರೆ ಕೆಳಗೆ ಪೊಳ್ಳು ಬಿಡಬೇಡ. ನಡುವೆ ಆಸರೆ ಇಲ್ಲದ ಪರಸಿ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ. ನಾನು ಎರಡು ಅಂಚಿಗೆ ಚಕ್ಕೆ ಕೊಟ್ಟು, ನಡುವೆ ಪೊಳ್ಳು ಬಿಟ್ಟು, ಅದರ ಮೇಲೆ ಗಾಡಿ ಇಟ್ಟಿದ್ದೆ. ಠಣ್ ಅನ್ನುವ ಸದ್ದು ಕೇಳಿ ಮೈಮರೆತಿದ್ದೆ. ಕಲ್ಲು ತಿಳಿಯದವನಾಗಿದ್ದರೆ ಇಟ್ಟಿಗೆಯೋ ಮರದ ದಿಮ್ಮಿಯೋ ಹುಡುಕುತ್ತಿದ್ದೆನೇನೋ.

ಜಾಕಿ ಹಚ್ಚಿ ಎತ್ತಿ, ಮೈ ಒಳಗೆ ಹಾಕದೆ ಬ್ಯಾಟರಿ ಹಿಡಿದು ನೋಡಿದೆ. ಬ್ರೇಕ್ ಪೈಪು, ರಾಡು ಎರಡೂ ಸುರಕ್ಷಿತವಾಗಿದ್ದವು. ನೇತುಬಿಟ್ಟಿದ್ದ ಲಿಂಕ್ ಮಾತ್ರ ಕಲ್ಲಿಗೆ ಬಡಿದು ಕುಡುಗೋಲಿನ ಹಾಗೆ ಬಾಗಿತ್ತು. ಹೈದರಾಬಾದಿನವನಿಗೆ ಫೋನ್ ಮಾಡಿದೆ. ಇನ್ನೊಂದು ಕಳಿಸಲು ಮೂರು ದಿನ ಅಂದ. ಮೂರು ದಿನ. ಫೋನನ್ನು ಕಟ್ಟೆಯ ಮೇಲಿಟ್ಟು ತಲೆ ಮೇಲೆ ಕೈ ಹೊತ್ತು ಕೂತೆ. ಅಷ್ಟರಲ್ಲಿ ಅದೇ ಫೋನು ಬಡಿದುಕೊಂಡಿತು. ಅಕ್ಕೋರ ತಂಗಿ.

"ತಮ್ಮಾ, ಅಕ್ಕಾಗ ದಮ್ಮು ಹತ್ಲಿಕತ್ತದ. ಮಲಗಾಕ ಆಗವಲ್ದು, ಕುಂತೇ ಅದಾಳ. ಗಾಡಿ ಆಯ್ತೇನಪಾ?"

"ಆಗ್ಲಿಕತ್ತದ್ರಿ. ಈಗೇ ಆಂಬುಲೆನ್ಸ್ ಕರೆಸ್ರಿ, ನಾ ಬಂದು ಎತ್ತಿ ಕುಂದ್ರಸ್ತೀನಿ."

ಆ ಕಡೆ ಮಾತು ಕೇಳಿಸಿತು. ಆಮೇಲೆ ತಂಗಿ, "ಒಲ್ಲೆ ಅಂತಾಳ. ನೀ ನಾಳಿಗಿ ಬರ್ತೀನಿ ಅಂದೀಯಂತ, ಮಾತು ಕೊಟ್ಟಾನ ಅಂತಾಳ," ಅಂದರು. ಊರಿನ ಡಾಕ್ಟರನ್ನು ಕರೆಸಿ ತೋರಿಸಿರಿ ಅಂತ ಬೇಡಿಕೊಂಡೆ. ಅದಕ್ಕೆ ಒಪ್ಪಿದರು. ನನ್ನ ಮೇಲೆ ನಂಬಿಕೆ ಇಟ್ಟು ಒಬ್ಬರು ಉಸಿರಿಗೆ ಒದ್ದಾಡುತ್ತಿದ್ದಾರೆ ಅನ್ನುವುದು ಎಂಥ ಸಂಕಟ ಅಂತ ಆವತ್ತು ತಿಳಿಯಿತು.

ಬದಿಯಿಂದಲೇ ಕೈ ಹಾಕಿ ಎರಡೂ ಲಿಂಕ್ ಬಿಚ್ಚಿಕೊಂಡು ಬೈಕಿನ ಮೇಲೆ ಲೇಥ್ ಚಾಚಾನ ಹತ್ತಿರ ಓಡಿದೆ. ಊರಲ್ಲಿ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಎಲ್ಲ ಮಾಡಿಕೊಡುವ ಮುದುಕ ಅವರು. ಬಾಗಿದ್ದನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಗರಂ ಮಾಡಿ ಸೀದಾ ಮಾಡ್ಬಹುದು ಬೇಟಾ. ಭರೋಸಾ ಕೊಡಂಗಿಲ್ಲ. ಎಲ್ಲಿ ಮುರೀತದೋ."

"ಹಂಗಾರ ಹೊಸಾದು ಮಾಡಿಕೊಡ್ರಿ ಚಾಚಾ. ಇಲ್ಲಿ ಇನ್ನೊಂದು ಚಲೋದು ಅದಲ್ರಿ, ಬರಾಬರ್ ಇಷ್ಟೇ ಉದ್ದ."

ಚಾಚಾ ಚೆನ್ನಾಗಿದ್ದ ಲಿಂಕಿಗೆ ಟೇಪು ಹಿಡಿದರು. ಹನ್ನೊಂದು ಇಂಚು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಈ ಅಳತಿ ಯಾವಾಗ ತೊಗೊಂಡಿ? ಗಾಡಿ ನೆಲದ ಮ್ಯಾಲ ಇತ್ತೋ, ಎತ್ತಿ ಇಟ್ಟಿದ್ದೋ?"

"ಎತ್ತಿ ಇಟ್ಟಿದ್ದೆ."

"ಗಾಡಿ ಗಾಳ್ಯಾಗ ಓಡ್ತದೇನು?"

ನನಗೆ ಕೂಡಲೇ ತಿಳಿಯಲಿಲ್ಲ. ಅವರು ತಮ್ಮ ಎರಡು ಕೈಯನ್ನು ಒಂದರ ಕೆಳಗೊಂದು ಹಿಡಿದು ತೋರಿಸಿದರು. ಎತ್ತಿಟ್ಟಾಗ ಅಚ್ಚು ಕೆಳಗೆ ಜೋಲುತ್ತದೆ, ಚಾಸಿಗೂ ಅದಕ್ಕೂ ಅಂತರ ಹೆಚ್ಚು. ಆ ಅಂತರಕ್ಕೆ ಲಿಂಕ್ ಉದ್ದ ಮಾಡಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕೂಡಲೇ ರಾಡಿನ ತೋಳು, ಅಂದರೆ ಬಗ್ಗಿದ ತುದಿ, ತಲೆ ತಗ್ಗಿಸಿ ನಿಲ್ಲುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ರಸ್ತೆಯಲ್ಲಿ ಒಂದು ದೊಡ್ಡ ಕುಣಿ ಸಿಕ್ಕರೆ ತೋಳು ಹೋಗಿ ಎಲ್ಲಿ ಬಡಿಯುತ್ತದೋ ಹೇಳಲು ಬರುವುದಿಲ್ಲ. ಕಲ್ಲು ಮುರಿಯದೆ ಇದ್ದಿದ್ದರೆ ನಾನು ಎರಡೂ ಕಡೆ ಹಾಗೆಯೇ ಬಿಗಿದು, ಅಕ್ಕೋರನ್ನು ಕೂರಿಸಿಕೊಂಡು ಹೊರಡುತ್ತಿದ್ದೆ.

"ಗಾಡಿ ಇಳಿಸು. ನಾಳಿಗಿ ಅದರಾಗ ಎಷ್ಟು ವಜನ ಇರ್ತದೋ ಅಷ್ಟು ಇಡು. ತೋಳು ನೆಲಕ್ಕ ಸರಿಸಮ ಮಾಡಿ ಅಳತಿ ತೊಗೊಂಡ್ ಬಾ," ಅಂದರು ಚಾಚಾ. "ನೀ ಬರೂತನಕ ನಾ ಲಿಂಕಿನ ಸಲಾಕಿ ಕತ್ತರಸಂಗಿಲ್ಲ, ಕುಂತಿರ್ತೀನಿ. ಹೊತ್ತು ಮುಳುಗೂದ್ರಾಗ ಬಾ."

ಮನೆಗೆ ಬಂದು ಕಲ್ಲೆಲ್ಲ ತೆಗೆದು ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿದೆ. ಚಕ್ರಗಳಿಗೆ ಮರದ ತುಂಡು ಕೊಟ್ಟೆ. ನನ್ನ ಸೀಟಿನ ಮೇಲೆ ತೊಗರಿ ಚೀಲ ಇಟ್ಟೆ. ಹೆಂಡತಿಗೆ, "ನೀ ನಡುವಿನ ಸೀಟಿನ್ಯಾಗ ಅಕ್ಕೋರ ಜಾಗದಾಗ ಕುಂದ್ರು," ಅಂದೆ.

"ನಾ ಅಕ್ಕೋರಷ್ಟು ದಪ್ಪ ಆಗೀನೇನು?"

"ಅವರಷ್ಟೇ ಅದಿ."

ಅವಳು ನಗಲಿಲ್ಲ. ಹತ್ತಲು ಹೋದವಳು ಕಾಲು ಕೆಳಗಿಟ್ಟು, ಒಳಗೆ ಹೋಗಿ ಐದು ಲೀಟರಿನ ಕ್ಯಾನಿಗೆ ಭರ್ತಿ ನೀರು ತುಂಬಿಕೊಂಡು ಬಂದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಅದ್ಯಾಕ?" ಅಂದೆ.

"ಅವರ ಮೈಯಾಗ ನೀರ ನಿಂತದಲ್ರಿ. ಅದೂ ಲೆಕ್ಕಕ್ಕ ಬರಬೇಕಲ್ಲ."

ಬಗ್ಗಿ ಗಾಡಿಯ ಕೆಳಗೆ ನೋಡಿದೆ. ಒಳಗೆ ಹೋಗಲು ಮೈ ಒಪ್ಪಲಿಲ್ಲ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿದೆ, ಬೀಳಲು ಏನೂ ಇಲ್ಲ ಅಂತ ಬುದ್ಧಿಗೆ ಗೊತ್ತು, ಆದರೆ ಕಿವಿಯಲ್ಲಿ ಆ ಟಪ್ ಸದ್ದು. ಮೂರು ಸಲ ಬಗ್ಗಿ ಮೂರು ಸಲ ಎದ್ದೆ. "ಬ್ಯಾಡ ಬಿಡ್ರಿ," ಅಂದಳು ಹೆಂಡತಿ ಸೀಟಿನಿಂದ. ಬೇಡ ಅಂದರೆ ಎಲ್ಲಿಗೆ ಹೋಗಲಿ. ಅಕ್ಕೋರು ಗೋಡೆಗೆ ಒರಗಿ ಕೂತು ಉಸಿರೆಳೆಯುತ್ತಿರುವುದು ಕಣ್ಣಮುಂದೆ ಬಂತು. ಹೊಟ್ಟೆ ಎಳೆದುಕೊಂಡು ಒಳಗೆ ತೂರಿ, ತೋಳನ್ನು ಮಟ್ಟಕ್ಕೆ ಹಿಡಿದು ಅಳೆದೆ. ಒಂಬತ್ತು ಇಂಚಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಕಡಿಮೆ. ಇನ್ನೊಂದು ಕಡೆಯೂ ಅಷ್ಟೇ.

ಚಾಚಾ ಎರಡೂ ಲಿಂಕ್ ಹೊಸದಾಗಿಯೇ ಮಾಡಿದರು. ಒಂದು ಹಳೆಯದು, ಒಂದು ಹೊಸದು ಬೇಡ, ಜೋಡಿ ಅಂದರೆ ಜೋಡಿ ಅಂದರು. ಹೊತ್ತು ಮುಳುಗುವ ಮೊದಲು ಎರಡನ್ನೂ ಕೂರಿಸಿ, ಗಾಡಿ ಅದೇ ಭಾರ ಹೊತ್ತು ನಿಂತಿರುವಾಗಲೇ ಬಿಗಿದೆ. ನಟ್ಟಿನ ಮೇಲೆ ನಟ್ಟು ಕೊಟ್ಟು, ಎರಡು ಸಲ ಪಾನಾ ತಿರುಗಿಸಿ ನೋಡಿದೆ. ಹೆಂಡತಿ ಅಷ್ಟು ಹೊತ್ತೂ ನೀರಿನ ಕ್ಯಾನು ಕೆಳಗಿಡಲಿಲ್ಲ.

ಓಡಿಸಿ ನೋಡಲು ಕುಂಚಾವರಂ ರಸ್ತೆಗೆ ಹೋದೆವು, ಅಲ್ಲಿ ತಿರುವುಗಳಿಗೆ ಕೊರತೆ ಇಲ್ಲ. ಮೊದಲ ತಿರುವಿನಲ್ಲಿ ಗಾಡಿ ವಾಲಲಿಲ್ಲ. ಎರಡನೆಯದರಲ್ಲೂ ಇಲ್ಲ. "ಖರೇನೇ ನಿಂತದಲ್ರಿ," ಅಂದಳು ಹೆಂಡತಿ. ನಾನು ಗೆದ್ದೆ ಅಂದುಕೊಂಡೆ. ಮೂರನೆಯ ತಿರುವಿನ ಆಚೆ ಎಡಗಾಲಿ ಒಂದು ಕುಣಿಗೆ ಬಿತ್ತು. ಇಡೀ ಗಾಡಿ ಅಡ್ಡಕ್ಕೆ ಒದರಿ, ಅವಳ ತಲೆ ಕಿಟಕಿಗೆ ಬಡಿಯಿತು.

ಅದೇ ಆ ರಾಡಿನ ಗುಣ. ಎರಡು ಗಾಲಿಗೂ ನಂಟು ಹಾಕಿಬಿಡುತ್ತದೆ. ಒಂದು ಗಾಲಿ ಕುಣಿಗೆ ಬಿದ್ದರೆ ಇನ್ನೊಂದು ಸುಮ್ಮನಿರುವುದಿಲ್ಲ. ತಿರುವಿನಲ್ಲಿ ಉಪಕಾರ, ಕುಣಿಯಲ್ಲಿ ಕಾಟ. ನಮ್ಮ ರಸ್ತೆಗಳಲ್ಲಿ ಯಾವುದು ಹೆಚ್ಚು ಅಂತ ನಾನು ಹೇಳಬೇಕಿಲ್ಲ. ದಾರಿಯ ಬದಿಗೆ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿದೆ. ಇಡೀ ದಿನ ಸತ್ತು ಬದುಕಿ ಮಾಡಿದ್ದು ಇದಕ್ಕೇನಾ ಅಂತ ಅಳು ಬಂತು, ಅತ್ತುಬಿಟ್ಟೆ. ಹೆಂಡತಿ ಹಣೆ ತಿಕ್ಕಿಕೊಳ್ಳುತ್ತ, "ಆ ರಾಡಿಗೆ ಇನ್ನೊಂದು ತೂತು ಇತ್ತಲ್ರಿ, ಅದ್ಯಾತಕ್ಕ?" ಅಂದಳು.

ರಾಡಿನ ತುದಿಯಲ್ಲಿ ಎರಡೆರಡು ತೂತು ಇದ್ದವು. ಒಳಗಿನದು ಬಿಗಿ, ತುದಿಯದು ಸಡಿಲ. ಓಲಾಟ ಪೂರಾ ನಿಲ್ಲಲಿ ಎಂಬ ಆಸೆಗೆ ನಾನು ಒಳಗಿನ ತೂತಿಗೆ ಹಾಕಿದ್ದೆ. ಪೂರಾ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೆನಲ್ಲ. ಆ ಮಾತು ಬಿಡಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಅಲ್ಲೇ ರಸ್ತೆ ಬದಿಯಲ್ಲಿ, ಗಾಡಿ ಚಕ್ರದ ಮೇಲೆ ನಿಂತಿರುವಾಗ, ಎರಡೂ ಕಡೆ ತುದಿಯ ತೂತಿಗೆ ಬದಲಿಸಿದೆ. ತಿರುಗಿ ಬರುವಾಗ ತಿರುವಿನಲ್ಲಿ ಸ್ವಲ್ಪ ವಾಲಿತು, ಕುಣಿಯಲ್ಲಿ ಸ್ವಲ್ಪ ಒದರಿತು. ಎರಡೂ ಸ್ವಲ್ಪ. ಉಳಿದದ್ದನ್ನು ನನ್ನ ಕಾಲೇ ಮಾಡಬೇಕು, ನಿಧಾನ ಹೋಗಬೇಕು.

ಗುರುವಾರ ಏಳಕ್ಕೆ ಹೊರಡುವ ಬದಲು ಐದೂವರೆಗೆ ಅಕ್ಕೋರ ಮನೆ ಮುಂದೆ ನಿಂತೆ. ರಾತ್ರಿ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಬೆಳಿಗ್ಗೆ ಹೊರಟೇ ಹೋಗಬೇಕು ಅಂದಿದ್ದರಂತೆ. ಅಕ್ಕೋರು ಹೊಸ್ತಿಲ ಹತ್ತಿರ ಕುರ್ಚಿಯ ಮೇಲೆ ಕೂತಿದ್ದರು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು.

"ಪೂರಾ ನಿಂತದೇನು?" ಅಂದರು.

ಹೌದು ಅನ್ನಲು ಬಾಯಿ ತೆಗೆದೆ. ಹೌದು ಅಂದರೆ ಹತ್ತುತ್ತಾರೆ, ಇಲ್ಲ ಅಂದರೆ ಚಿಲಕ. ಆದರೆ ಆ ಮುಖ ನೋಡಿ ಸುಳ್ಳು ಹೊರಡಲಿಲ್ಲ.

"ಅರ್ಧ ನಿಂತದ್ರಿ ಅಕ್ಕೋರೆ. ಇನ್ನರ್ಧ ನಾ ಸಾವಕಾಶ ಹೊಡೀತೀನಿ."

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಕಲ್ಲಿನ ಮ್ಯಾಲ ಗಾಡಿ ಇಟ್ಟಿದ್ದಿಯಂತ. ನಿನ್ನ ಹೆಂಡ್ತಿ ಫೋನ್ ಮಾಡಿದ್ಳು. ನಾಲ್ಕನೇ ಕ್ಲಾಸಿನ್ಯಾಗೂ ಹಿಂಗೇ ಇದ್ದಿ, ಎಲ್ಲಾ ಗೊತ್ತದ ಅಂತಿದ್ದಿ." ಆಮೇಲೆ ಕೈ ಚಾಚಿದರು. "ಹಿಡಿ, ಎಬ್ಬಿಸು."

ನಡುವಿನ ಸೀಟಿನಲ್ಲಿ ದಿಂಬು ಇಟ್ಟು ಒರಗಿಸಿ, ಕಾಲು ಚಾಚಿಸಿದೆ. ಅವರ ತಂಗಿಗೆ ಮೊಣಕಾಲು ನೋವು, ಅವರು ಬರುವುದಿಲ್ಲ, ಯಾವಾಗಲೂ ನಾವಿಬ್ಬರೇ. ಅಕ್ಕೋರು ಎಂದಿನಂತೆ ಬಾಗಿಲ ಮೇಲಿನ ಹಿಡಿಕೆಯನ್ನು ಹಿಡಿದುಕೊಂಡರು. ನಲವತ್ತರ ಮೇಲೆ ಸ್ಪೀಡಿನ ಮುಳ್ಳು ಏರಿಸಲಿಲ್ಲ. ಕುಣಿ ಕಂಡರೆ ಎರಡೂ ಗಾಲಿ ಒಟ್ಟಿಗೆ ಇಳಿಯುವ ಹಾಗೆ ನಿಲ್ಲಿಸಿ ಇಳಿಸಿದೆ. ಲಾರಿಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದವು. ಪ್ರತಿ ತಿರುವಿಗೂ ಮೊದಲು ಕನ್ನಡಿಯಲ್ಲಿ ಅವರನ್ನು ನೋಡುತ್ತಿದ್ದೆ. ವಾಂತಿ ಬರುವ ಮೊದಲು ಅವರು ತುಟಿ ಒಳಗೆ ಎಳೆದುಕೊಳ್ಳುತ್ತಾರೆ, ಅದು ನನಗೆ ಗೊತ್ತಿತ್ತು.

ಅರ್ಧ ದಾರಿ ಕಳೆದಿರಬೇಕು. ಒಂದು ದೊಡ್ಡ ತಿರುವು ಮುಗಿಸಿ ಕನ್ನಡಿ ನೋಡಿದೆ. ಹಿಡಿಕೆಯ ಮೇಲೆ ಕೈ ಇರಲಿಲ್ಲ. ಕೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು. ತಲೆ ಒಂದು ಮಗ್ಗುಲಿಗೆ ಬಿದ್ದು ಬಾಯಿ ತೆರೆದಿತ್ತು.

ಗಾಡಿಯನ್ನು ಹೇಗೆ ಬದಿಗೆ ಹಾಕಿದೆನೋ ಗೊತ್ತಿಲ್ಲ. "ಅಕ್ಕೋರೆ," ಅಂದೆ. ಉತ್ತರ ಇಲ್ಲ. ಇಳಿದು ಬಾಗಿಲು ತೆಗೆದೆ. ಕೈ ಮುಟ್ಟಲು ಧೈರ್ಯ ಬರಲಿಲ್ಲ. ಮುಟ್ಟಿ ತಣ್ಣಗೆ ಇದ್ದರೆ? ದಾರಿಯಲ್ಲೇ ಹೊತ್ತು ಕಳೆದು ನಾನೇ ಕೊಂದೆನಲ್ಲ, ನಿಧಾನ ಹೋಗುತ್ತೇನೆ ಅಂತ ಜಂಬಪಟ್ಟು ಕೊಂದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ. "ಅಕ್ಕೋರೆ, ಅಕ್ಕೋರೆ," ಅಂತ ಅವರ ಪಾದ ಹಿಡಿದು ಅಲ್ಲಾಡಿಸಿದೆ.

ಅವರು ಒಂದು ಕಣ್ಣು ತೆರೆದರು.

"ಯಾಕ ನಿಂದ್ರಿಸ್ದಿ?" ಅಂದರು. "ಆಸ್ಪತ್ರಿ ಬಂತೇನು?"

"ಇಲ್ರಿ. ಇನ್ನಾ ದೂರದ."

"ಮತ್ತ ಯಾಕ ಎಬ್ಬಿಸ್ದಿ? ಎರಡು ದಿನ ಆಗಿತ್ತು ಕಣ್ಣು ಹತ್ತಿ. ನಡಿ ಸುಮ್ನ."

ಬಾಗಿಲು ಹಾಕಿ ಬಂದು ನನ್ನ ಸೀಟಿನಲ್ಲಿ ಕೂತೆ. ಚಾವಿಗೆ ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನಿಂದ ಗೊರಕೆ ಕೇಳಿಸಿತು.